ಬಣ್ಣದಡಿಯ ಬಣ್ಣ: ಪ್ರದರ್ಶನಕ್ಕೆಂದು ಸಜ್ಜಾದ ಒಂದು ಹಳೆಯ ರೈಫಲಿನ ಪ್ರಕರಣ

ಹಿನ್ನೆಲೆ

ಮೊದಲನೇ ಮಹಾಯುದ್ಧಕ್ಕೆ ಹೋಗಿ ಬಂದ ಮುತ್ತಜ್ಜನ ಪದಕಗಳು ಮನೆಯಲ್ಲಿದ್ದವು. ಅವುಗಳ ಜೊತೆ ಗಾಜಿನ ಪೆಟ್ಟಿಗೆಯಲ್ಲಿಡಲು ಮಾಲೀಕರು ಒಂದು ರೈಫಲನ್ನು ಕೊಂಡು ತಂದರು. ಮುತ್ತಜ್ಜ ಹಿಡಿದಿದ್ದ ರೈಫಲು ಅದಲ್ಲ. ಅದೇ ಮಾದರಿಯದು, ಅದೇ ಕಾಲದ್ದು. ಶಾರ್ಟ್ ಮ್ಯಾಗಜೀನ್ ಲೀ-ಎನ್‌ಫೀಲ್ಡ್, ಮಾರ್ಕ್ 3 ಸ್ಟಾರ್. 1907ರ ಮಾರ್ಕ್ 3ರಿಂದ ಕೆಲವು ಭಾಗಗಳನ್ನು ಕೈಬಿಟ್ಟು, ಯುದ್ಧದ ಅವಸರಕ್ಕೆ ತಕ್ಕಂತೆ 1916ರಲ್ಲಿ ಸರಳ ಮಾಡಿದ ರೂಪ ಅದು. ಹಿಂಬದಿಯ ಉಕ್ಕಿನ ಪಟ್ಟಿಯ ಬಲಗಡೆ ಕಿರೀಟದ ಗುರುತು, ಅದರಡಿ ಅಂದಿನ ದೊರೆ ಜಾರ್ಜ್‌ನನ್ನು ಸೂಚಿಸುವ ಜಿ.ಆರ್. ಅಕ್ಷರಗಳು, ತಯಾರಕರ ಹೆಸರು, ಕೊನೆಗೆ 1917. ಈ ಠಸ್ಸೆಗಳನ್ನು ಓದಲು ಬ್ಯಾಟರಿ ಬೆಳಕನ್ನು ಓರೆಯಾಗಿ ಹಿಡಿಯಬೇಕಾಗಿತ್ತು. ಯಾರೋ ಇಡೀ ರೈಫಲಿಗೆ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರು.

ರೈಫಲನ್ನು ಹಿಂದೆಯೇ ನಿಷ್ಕ್ರಿಯಗೊಳಿಸಲಾಗಿತ್ತು. ನಳಿಗೆಗೆ ಅಡ್ಡಲಾಗಿ ಪಿನ್ನು ಬಡಿದು ಬೆಸೆದಿದ್ದರು, ಪ್ರಮಾಣಪತ್ರವೂ ಕೈಯಲ್ಲಿತ್ತು. ಕೆಲಸ ಒಪ್ಪಿಕೊಂಡವರು ಟೂಲ್‌ರೂಮಿನಲ್ಲಿ ಫಿಟ್ಟರಾಗಿದ್ದು ನಿವೃತ್ತರಾದ ಒಬ್ಬ ಹಿರಿಯರು. ಹಳೆಯ ಕೋವಿಗಳ ಲೋಹದ ಕೆಲಸ ಅವರ ಹವ್ಯಾಸ. ನನ್ನ ಪಾತ್ರ ಸಲಹೆಗಾರನದು, ಅದೂ ಎಲ್ಲ ಘಟ್ಟದಲ್ಲೂ ಅಲ್ಲ. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಸಣ್ಣಪುಟ್ಟ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹಿರಿಯರು ಮೊದಲು ಮಾಡಿದ ಕೆಲಸ ಇದು: ಪ್ರಮಾಣಪತ್ರದಲ್ಲಿದ್ದ ಕ್ರಮಸಂಖ್ಯೆಯನ್ನು, ನಳಿಗೆಯ ಹಿಂತುದಿ ಬಂದು ಸೇರುವ ಉಕ್ಕಿನ ಒಡಲಾದ ರಿಸೀವರಿನ ಸಂಖ್ಯೆಯ ಜೊತೆ ತಾಳೆ ನೋಡಿದರು. ಆಮೇಲೆ ನಳಿಗೆ, ಬೋಲ್ಟು, ಮೂತಿಯ ಮೇಲಿನ ಉಕ್ಕಿನ ಟೋಪಿ, ಹಿಂದಿನ ಗುರಿಪಟ್ಟಿ, ಹೀಗೆ ಸಂಖ್ಯೆ ಇರಬೇಕಾದ ಕಡೆಯೆಲ್ಲ ನೋಡಿ ಬರೆದುಕೊಂಡರು. ಎಲ್ಲವೂ ಒಂದೇ ಸಂಖ್ಯೆ. ಭಾಗಗಳು ಬದಲಾಗದೆ ಒಟ್ಟಿಗೇ ಉಳಿದುಬಂದ ರೈಫಲು. ಇದು ಗೊತ್ತಾದ ಕ್ಷಣಕ್ಕೇ ಮುಂದಿನ ಎಲ್ಲ ತೀರ್ಮಾನಗಳ ತೂಕ ಹೆಚ್ಚಿತು.

ಸಮಸ್ಯೆ

ಮಾಲೀಕರ ಬೇಡಿಕೆ ಸರಳವಾಗಿತ್ತು: "ಯಜಮಾನ್ರೇ, ಈ ಬಣ್ಣ ಕೆರೆದು, ಚೆನ್ನಾಗಿ ಬಫ್ ಹೊಡೆದು, ನೀಲಿಗಪ್ಪು ಬರಿಸಿಬಿಡಿ. ಕನ್ನಡಿ ಥರ ಹೊಳೀಬೇಕು."

ಕನ್ನಡಿಯ ಹೊಳಪು ಬೇಟೆಯ ದುಬಾರಿ ಕೋವಿಗಳಿಗೆ ಸೇರಿದ್ದು. ಸೈನ್ಯದ ರೈಫಲು 1917ರಲ್ಲೂ ಹಾಗೆ ಹೊಳೆಯುತ್ತಿರಲಿಲ್ಲ. ಆ ಕಾಲದ ಬ್ರಿಟಿಷ್ ರೈಫಲುಗಳ ಉಕ್ಕಿಗೆ ನಿಧಾನವಾಗಿ ತುಕ್ಕು ಹಿಡಿಸಿ, ಕುದಿಸಿ, ತಿಕ್ಕಿ ಕಪ್ಪು ಬರಿಸುತ್ತಿದ್ದರು. ಅದರ ಕಳೆ ರೇಷ್ಮೆಯಂತೆ ಮಂದ. ಬಫಿಂಗ್ ಚಕ್ರಕ್ಕೆ ಹಿಡಿದರೆ ಮೊದಲು ಸಾಯುವುದು ಅಂಚುಗಳು, ಆಮೇಲೆ ತಿರುಪಿನ ತೂತಿನ ಬಾಯಿ ತಟ್ಟೆಯಂತೆ ಅಗಲವಾಗುತ್ತದೆ, ಠಸ್ಸೆ ಅಕ್ಷರಗಳ ಒಂದು ಮಗ್ಗುಲು ಕರಗುತ್ತದೆ. ಕ್ರಮಸಂಖ್ಯೆ ಮಸುಕಾದರಂತೂ ಕಾನೂನಿನ ತೊಡಕು ಬೇರೆ. ನಿಷ್ಕ್ರಿಯಗೊಳಿಸಿದ ಆಯುಧದ ಗುರುತೇ ಆ ಸಂಖ್ಯೆ. ಅದನ್ನು ಅಳಿಸಿದಂತೆ ಕಂಡರೂ ಸಾಕು, ಪ್ರಮಾಣಪತ್ರ ಬರೀ ಕಾಗದವಾಗುತ್ತದೆ.

ಇನ್ನೊಂದು ತೊಡಕು ರಸಾಯನದ್ದು, ಮಾಲೀಕರಿಗೆ ಅದನ್ನು ಅರ್ಥ ಮಾಡಿಸುವುದೇ ಕಷ್ಟವಾಯಿತು. ಕೋವಿಯ ಮೂಲ ಕಪ್ಪು ಬಣ್ಣ ಮೇಲೆ ಬಳಿದದ್ದಲ್ಲ. ಅದೂ ಕಬ್ಬಿಣದ ಆಕ್ಸೈಡೇ, ಮ್ಯಾಗ್ನೆಟೈಟ್. ಕೆಂಪು ತುಕ್ಕಿನ ಒಡಹುಟ್ಟು. ಕೆಂಪನ್ನು ಕರಗಿಸುವ ಆಮ್ಲ ಕಪ್ಪನ್ನೂ ಬಿಡುವುದಿಲ್ಲ. ಮಾಲೀಕರು ಇದನ್ನು ಕೇಳಿ ತಲೆಯಾಡಿಸಿ ಮನೆಗೆ ಹೋದರು. ಹೋದವರು ಪಟ್ಟಿ ಕಟ್ಟುವ ಒಂದು ಕೊಂಡಿಯನ್ನು ರಾತ್ರಿಯೆಲ್ಲ ವಿನೆಗರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಖುಷಿಯಿಂದ ಹಿಡಿದುಕೊಂಡು ಬಂದರು. ತುಕ್ಕಿನ ಸುಳಿವೇ ಇರಲಿಲ್ಲ. ಹಿರಿಯರು ಅದನ್ನು ಬಿಳಿ ಕಾಗದದ ಮೇಲಿಟ್ಟು, ಪಕ್ಕದಲ್ಲಿ ಅದರ ಜೋಡಿ ಕೊಂಡಿಯನ್ನಿಟ್ಟರು. ಒಂದು ಕಲೆಗಟ್ಟಿದ ಕಪ್ಪು, ಇನ್ನೊಂದು ಬೋಳು ಬೂದಿ. "ಸರ್, ತುಕ್ಕೂ ಹೋಯ್ತು, ಬಣ್ಣಾನೂ ಹೋಯ್ತು," ಅಂದರು. ನಾನು ಅರ್ಧ ಗಂಟೆ ವಿವರಿಸಿದ್ದನ್ನು ಆ ಎರಡು ಕೊಂಡಿಗಳು ಅರೆ ನಿಮಿಷದಲ್ಲಿ ಹೇಳಿದವು. ಇಡೀ ರೈಫಲನ್ನು ತೊಟ್ಟಿಯಲ್ಲಿ ಮುಳುಗಿಸುವ ಮಾತು ಅಲ್ಲಿಗೆ ನಿಂತಿತು.

ಬಳಿದ ಬಣ್ಣವೂ ಇತಿಹಾಸವೇ?

ತಿನ್ನರಿನ ಡಬ್ಬ ತೆರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿತ್ತು. ಎರಡನೇ ಮಹಾಯುದ್ಧದ ಹೊತ್ತಿನಿಂದ ಈಚೆಗೆ ದುರಸ್ತಿಗೆ ಹೋದ ಎಷ್ಟೋ ಲೀ-ಎನ್‌ಫೀಲ್ಡುಗಳಿಗೆ ಸೈನ್ಯವೇ ಫಾಸ್ಫೇಟ್ ಲೇಪದ ಮೇಲೆ ಕಪ್ಪು ಬಣ್ಣ ಬಳಿದು ಶಾಖದಲ್ಲಿ ಗಟ್ಟಿಗೊಳಿಸಿದೆ. ಹಾಗಿದ್ದರೆ ಆ ಬಣ್ಣ ರೈಫಲಿನ ಸೇವಾ ಜೀವನದ ಒಂದು ಅಧ್ಯಾಯ; ಅದನ್ನು ತೆಗೆದರೆ ಉಳಿಸಲು ಹೊರಟಿದ್ದನ್ನೇ ಕಳೆದಂತೆ. ಇಂಥ ಬಣ್ಣವನ್ನು "ಯಾರೋ ಹಾಳು ಮಾಡಿದ್ದಾರೆ" ಎಂದು ಕೆರೆದು, ಕೊನೆಗೆ ಬೂದಿ ಬಣ್ಣದ ಫಾಸ್ಫೇಟ್ ಕಂಡು ಪೆಚ್ಚಾದವರನ್ನು ನೋಡಿದ್ದೇನೆ.

ಹಾಗಾಗಿ ಮೊದಲು ಸಾಕ್ಷಿ ಹುಡುಕಬೇಕಾಯಿತು. ಬಣ್ಣ ಮರದ ಅಂಚಿಗೂ ತಾಗಿತ್ತು, ಅಂದರೆ ಬಿಚ್ಚದೆ ಬಳಿದಿದ್ದರು. ತಿರುಪಿನ ಸೀಳುಗಳಲ್ಲಿ ಬಣ್ಣ ತುಂಬಿಕೊಂಡಿತ್ತು. ಕಣ್ಣಿಗೆ ಬೀಳದ ಮೂಲೆಯಲ್ಲಿ ಅಸಿಟೋನ್ ಅದ್ದಿದ ಹತ್ತಿ ಕಡ್ಡಿಯಿಂದ ಉಜ್ಜಿದರೆ ಸಲೀಸಾಗಿ ಕರಗಿ ಬಂತು. ಶಾಖದಲ್ಲಿ ಗಟ್ಟಿಯಾದ ಸೈನ್ಯದ ಬಣ್ಣ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಬಣ್ಣದಡಿ ಫಾಸ್ಫೇಟ್ ಇರಲಿಲ್ಲ, ತುಕ್ಕಿತ್ತು. ತುಕ್ಕನ್ನು ಮುಚ್ಚಲೆಂದೇ ಯಾರೋ ಮನೆಯಲ್ಲಿ ಬಳಿದ ಬಣ್ಣ. ತೆಗೆಯಬಹುದು ಎಂದು ಮೂವರೂ ಒಪ್ಪಿದೆವು.

ಬಿಚ್ಚಿದಾಗ ಕಂಡದ್ದು

ಈ ಮಾದರಿಯಲ್ಲಿ ಬಿಚ್ಚುವ ಕ್ರಮ ತಪ್ಪಿದರೆ ಮರ ಸೀಳುತ್ತದೆ. ಹಿಂದಿನ ಬಟ್ಟನ್ನು, ಅಂದರೆ ಹೆಗಲಿಗೆ ಒರಗುವ ಮರದ ಭಾಗವನ್ನು, ಹಿಡಿದಿರುವ ಉದ್ದನೆಯ ಬೋಲ್ಟಿನ ಚೌಕ ತುದಿ, ಮುಂದಿನ ಮರದ ಹಿಂಭಾಗದಲ್ಲಿರುವ ಒಂದು ಸಣ್ಣ ತಗಡಿನೊಳಗೆ ಕೂತಿರುತ್ತದೆ. ಮುಂದಿನ ಮರ ಇರುವಾಗಲೇ ಆ ಬೋಲ್ಟನ್ನು ತಿರುಗಿಸಿದರೆ ಚೌಕ ತುದಿ ತಗಡನ್ನು ತಿರುಚುತ್ತದೆ, ತಗಡು ಮರವನ್ನು ಒಡೆಯುತ್ತದೆ. ಮೊದಲು ಮುಂದಿನ ಮರ, ಆಮೇಲೆ ಬಟ್ಟು. ಹಿರಿಯರಿಗೆ ಇದು ಗೊತ್ತಿತ್ತು. ಮುಂದಿನ ಮರದಲ್ಲಿ ಮೊದಲೇ ಒಂದು ಕೂದಲೆಳೆಯ ಸೀಳಿತ್ತು. ಹಿಂದಿನ ಯಾರಿಗೋ ಗೊತ್ತಿರಲಿಲ್ಲ ಎಂದಾಯಿತು.

ಮರ ಕಳಚಿದ ಮೇಲೆ ನಳಿಗೆಯ ತಳಭಾಗ ಕಂಡಿತು. ಮರ ಮುಗಿಯುವ ಅಂಚಿನುದ್ದಕ್ಕೂ ಕಿತ್ತಳೆ ತುಕ್ಕಿನ ಗೆರೆ. ಮರ ಹೀರಿಕೊಂಡ ತೇವ ಅಲ್ಲಿಯೇ ನಿಲ್ಲುತ್ತದೆ. ಆ ಗೆರೆಯಿಂದ ಒಳಕ್ಕೆ, ಒಣಗಿ ಅಂಟಾಗಿದ್ದ ಹಳೆಯ ಗ್ರೀಸಿನಡಿ, ಕಾರ್ಖಾನೆಯ ಕಪ್ಪು ಹಾಗೆಯೇ ಉಳಿದಿತ್ತು. ಮೇಲ್ಭಾಗದ ಬಣ್ಣ ತೆಗೆದಾಗ ನಳಿಗೆಯ ಮೇಲೂ ಅದೇ ಕಪ್ಪು, ಅಲ್ಲಲ್ಲಿ ಸವೆದು, ಅಲ್ಲಲ್ಲಿ ಕೆಂಪು ತುಕ್ಕಿನಡಿ. ಅರ್ಧಕ್ಕಿಂತ ಹೆಚ್ಚು ಮೂಲ ಮೇಲ್ಮೈ ಬದುಕಿತ್ತು.

ರಿಸೀವರಿನ ಕತೆ ಬೇರೆ. ಎಡಮಗ್ಗುಲನ್ನು ಯಾರೋ ಎಮರಿ ಕಾಗದದಿಂದ ಅಡ್ಡಾದಿಡ್ಡಿ ಉಜ್ಜಿ, ಬೆಳ್ಳಗೆ ಮಾಡಿ, ಮೇಲೆ ಬಣ್ಣ ಬಳಿದಿದ್ದರು. ಅಲ್ಲಿ ಉಳಿಸಲು ಏನೂ ಇರಲಿಲ್ಲ. ಒಂದೇ ತುಂಡಿನಂತೆ ಬಿಗಿದಿರುವ ಎರಡು ಭಾಗಗಳು, ಒಂದರಲ್ಲಿ ಮೂಲ ಬಣ್ಣ, ಇನ್ನೊಂದರಲ್ಲಿ ಬೋಳು ಉಕ್ಕು. ಇಡೀ ಪ್ರಕರಣದ ಇಕ್ಕಟ್ಟು ಇದೇ.

ತುಕ್ಕನ್ನೇ ಕಪ್ಪಾಗಿಸುವುದು

ನಳಿಗೆಯ ವಿಷಯದಲ್ಲಿ ನಾನು ಗಟ್ಟಿಯಾಗಿ ನಿಂತೆ: ಕೆರೆಯಬೇಡಿ, ಕುದಿಸಿ. ಕೆಂಪು ತುಕ್ಕಿರುವ ಉಕ್ಕನ್ನು ಕುದಿಯುವ ಡಿಸ್ಟಿಲ್ಡ್ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಕೆಂಪು ಆಕ್ಸೈಡು ಬಹುಮಟ್ಟಿಗೆ ಕಪ್ಪು ಮ್ಯಾಗ್ನೆಟೈಟಾಗಿ ಬದಲಾಗುತ್ತದೆ. ಆಮೇಲೆ ಅತಿ ನುಣುಪಿನ ಸ್ಟೀಲ್ ವುಲ್‌ನಿಂದ, ಬೆರಳಿನ ಭಾರವಷ್ಟೇ ಹಾಕಿ ತಿಕ್ಕಿದರೆ ಸಡಿಲವಾದ ಕರಿ ಪುಡಿ ಉದುರಿ, ಕಚ್ಚಿಕೊಂಡ ಕಪ್ಪು ಉಳಿಯುತ್ತದೆ. ಮೂಲ ಮೇಲ್ಮೈಯಿಂದ ಏನನ್ನೂ ಕಳೆಯುವುದಿಲ್ಲ. ನಲ್ಲಿ ನೀರು ಬೇಡ. ಅದರ ಲವಣ ಒಣಗುವಾಗ ಬಿಳಿ ಕಲೆ ಬಿಡುತ್ತದೆ, ಕ್ಲೋರೈಡ್ ಇದ್ದರೆ ಹೊಸ ತುಕ್ಕಿಗೆ ಬೀಜ ಬಿತ್ತುತ್ತದೆ. ಸ್ಟೀಲ್ ವುಲ್‌ಗೆ ಕಾರ್ಖಾನೆಯಲ್ಲೇ ಎಣ್ಣೆ ಸವರಿರುತ್ತಾರೆ, ಅದನ್ನೂ ಅಸಿಟೋನಿನಲ್ಲಿ ತೊಳೆದು ಒಣಗಿಸಬೇಕು.

ನಳಿಗೆಯೊಂದೇ ಸುಮಾರು 640 ಮಿಲಿಮೀಟರ್. ರಿಸೀವರ್ ಸೇರಿದರೆ ಅಡುಗೆಮನೆಯ ಯಾವ ಪಾತ್ರೆಗೂ ಹಿಡಿಸುವುದಿಲ್ಲ. ಹಿರಿಯರು ಉದ್ದನೆಯ ತಗಡಿನ ತೊಟ್ಟಿ ಮಾಡಿ ಎರಡು ಒಲೆಗಳ ಮೇಲಿಟ್ಟರು. ಮೊದಲ ಕುದಿಯಲ್ಲೇ ಮೇಲ್ಭಾಗದ ಕಿತ್ತಳೆ ಚುಕ್ಕೆಗಳು ಮಸಿಯ ಚುಕ್ಕೆಗಳಾದವು. ತಿಕ್ಕಿದ ಮೇಲೆ ಹಿಂದಿನ ಗುರಿಪಟ್ಟಿಯ ಪಕ್ಕದಲ್ಲಿ ಪರಿಶೀಲನೆಯ ಠಸ್ಸೆಯೊಂದು ಎದ್ದುಕಂಡಿತು. ಅಲ್ಲೊಂದು ಠಸ್ಸೆ ಇದೆ ಎಂದು ಬಣ್ಣದ ಮೇಲಿನಿಂದ ಯಾರೂ ಊಹಿಸುವಂತಿರಲಿಲ್ಲ.

ಮಾಲೀಕರ ಮನಸ್ಸು ತಿರುಗಿದ್ದು ಇಲ್ಲಿ. ಅಲ್ಲಿಯವರೆಗೂ "ಆಮೇಲೆ ಬಫ್ ಹೊಡೆಯೋಣವಂತೆ" ಎಂದು ರಾಗ ಎಳೆಯುತ್ತಿದ್ದವರು ಆ ಗುರುತನ್ನು ಭೂತಗನ್ನಡಿಯಲ್ಲಿ ನೋಡಿ, "ಇದರ ಮೇಲೆ ಚಕ್ರ ಹಾಯಿಸಿದ್ರೆ?" ಎಂದು ಕೇಳಿದರು. ಹಿರಿಯರು ಉತ್ತರ ಕೊಡಲಿಲ್ಲ. ಬಫಿಂಗಿನ ಮಾತು ಮತ್ತೆ ಬರಲಿಲ್ಲ.

ರಿಸೀವರ್: ಒಮ್ಮತವಿಲ್ಲದ ತೀರ್ಮಾನ

ಬೋಳಾದ ಎಡಮಗ್ಗುಲನ್ನು ಹಾಗೆಯೇ ಬಿಟ್ಟು, ಮೇಣ ಸವರಿ, ಬಂದದ್ದು ಬಂದಂತೆ ತೋರಿಸಿ ಎಂಬುದು ನನ್ನ ಸಲಹೆಯಾಗಿತ್ತು. ಯಾರೋ ಎಮರಿ ಹಾಕಿದ್ದೂ ಆ ವಸ್ತುವಿಗೆ ಆದದ್ದೇ. ಮಾಲೀಕರು ಒಪ್ಪಲಿಲ್ಲ, ಗಾಜಿನ ಪೆಟ್ಟಿಗೆಯಲ್ಲಿ ನೋಡುವವರಿಗೆ ಕಾಣುವ ಮಗ್ಗುಲೇ ಅದು. ಹಿರಿಯರು ಮಾಲೀಕರ ಕಡೆಗಿದ್ದರು. ಈಗಲೂ ನನಗೆ ನನ್ನ ಸಲಹೆಯೇ ಸರಿ ಅನ್ನಿಸುತ್ತದೆ. ಆದರೆ ವಸ್ತು ಅವರದು, ಮೂಲ ಮೇಲ್ಮೈ ಆ ಜಾಗದಲ್ಲಿ ಹೋಗಿಯೇ ಇತ್ತು, ಮಾಡುವುದಾದರೆ ಯಾವ ವಿಧಾನ ಎಂಬುದಷ್ಟೇ ಉಳಿದ ಪ್ರಶ್ನೆ.

ಅಂಗಡಿಯ ಬಾಟಲಿಯಲ್ಲಿ ಬರುವ, ಬಿಸಿ ಮಾಡದೆ ಸವರುವ ಕೋಲ್ಡ್ ಬ್ಲೂ ಬೇಡವೆಂದಾಯಿತು. ಅದು ಸಾಮಾನ್ಯವಾಗಿ ಸೆಲೆನಿಯಂ ಮತ್ತು ತಾಮ್ರದ ಲವಣಗಳಿಂದ ಉಕ್ಕಿನ ಮೇಲೆ ತೆಳ್ಳನೆಯ ಕಪ್ಪನ್ನು ಕೂರಿಸುತ್ತದೆ, ಮ್ಯಾಗ್ನೆಟೈಟನ್ನಲ್ಲ. ಬೇಗ ಸವೆಯುತ್ತದೆ, ಬೆಳಕಿನಲ್ಲಿ ಕಂದು ತಿರುಗಿದಂತೆ ಕಾಣುತ್ತದೆ. ಕಾರ್ಖಾನೆಗಳ ಬಿಸಿ ವಿಧಾನ ಇನ್ನೂ ದೂರದ್ದು: ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಬೆರೆಸಿದ ದ್ರಾವಣ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುತ್ತಿರಬೇಕು. ಒಂದು ಹನಿ ನೀರು ಬಿದ್ದರೂ ಸಿಡಿಯುತ್ತದೆ, ಕಣ್ಣು ಹೋಗಬಹುದು. ಮನೆಯ ಹಿತ್ತಲಿನ ಕೆಲಸವಲ್ಲ. ಅದಲ್ಲದೆ ಅದರ ನುಣ್ಣನೆಯ ಕಪ್ಪು 1917ರ ನಳಿಗೆಯ ಪಕ್ಕದಲ್ಲಿ ಹೊಂದುವುದೂ ಇಲ್ಲ. ಹಾಗಾಗಿ ನಳಿಗೆ ಮೊದಲು ಕಪ್ಪಾದ ದಾರಿಯೇ ರಿಸೀವರಿಗೂ: ತುಕ್ಕು ಹಿಡಿಸುವ ಆಮ್ಲದ ದ್ರಾವಣ ತೆಳುವಾಗಿ ಸವರಿ, ತೇವದ ಬೆಚ್ಚನೆ ಪೆಟ್ಟಿಗೆಯಲ್ಲಿ ಕೆಲವು ಗಂಟೆ ತುಕ್ಕು ಬರಿಸಿ, ಕುದಿಸಿ, ತಿಕ್ಕಿ, ಮತ್ತೆ ಮೊದಲಿಂದ.

ಮೊದಲ ಸುತ್ತು ಕೆಟ್ಟಿತು. ನಳಿಗೆ ರಿಸೀವರಿಗೆ ತಿರುಪಿನಿಂದ ಸೇರುವ ಜಾಗದ ಕೆಳಗೆ ಅರ್ಧಚಂದ್ರದಂಥ ಪೇಲವ ಕಲೆ. ಸುತ್ತ ಕಪ್ಪು, ನಡುವೆ ಬೂದಿ. ದ್ರಾವಣ ಸಾಲಲಿಲ್ಲವೆಂದು ಮಾಲೀಕರ ಊಹೆ. ಹಿರಿಯರು ಉತ್ತರಿಸುವ ಬದಲು ತೊಟ್ಟಿಯ ನೀರಿನ ಮೇಲೆ ಬೆಳಕು ಹಾಯಿಸಿದರು. ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತಿತ್ತು. ನೂರು ವರ್ಷ ತಿರುಪಿನ ಸುರುಳಿಗಳಲ್ಲಿ ಸೇರಿಕೊಂಡಿದ್ದ ಎಣ್ಣೆ ಕುದಿಯ ಶಾಖಕ್ಕೆ ಹೊರಬರುತ್ತಿತ್ತು. ರೈಫಲನ್ನು ಎತ್ತುವಾಗ ನೀರಿನ ಮೇಲಿನ ಪೊರೆ ಮತ್ತೆ ಉಕ್ಕಿಗೆ ಅಂಟುತ್ತಿತ್ತು. ಅಸಿಟೋನಿನಲ್ಲಿ ಒರೆಸಿದ್ದು ಮೇಲ್ಮೈಗಷ್ಟೇ ತಾಗಿತ್ತು, ಸಂದಿಗಲ್ಲ.

ದ್ರಾವಣ ಹೆಚ್ಚು ಸವರುವ ಬದಲು ಅವರು ಎರಡು ಹೆಜ್ಜೆ ಹಿಂದೆ ಬಂದರು. ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ, ನೀರು ಚೆಲ್ಲಿ, ಮತ್ತೆ ಹೊಸ ನೀರಿನಲ್ಲಿ ಕುದಿಸಿ, ಪೊರೆ ಬರುವುದು ನಿಲ್ಲುವವರೆಗೂ ಹೀಗೆಯೇ ನಡೆಸಿದರು. ಮುಂದಿನ ಎಲ್ಲ ಸುತ್ತುಗಳಲ್ಲೂ ರೈಫಲನ್ನು ಎತ್ತುವ ಮೊದಲು ನೀರಿನ ಮೇಲೆ ಕಾಗದದ ಹಾಳೆ ಎಳೆದು ಪೊರೆ ತೆಗೆಯುತ್ತಿದ್ದರು. ಕಲೆ ಮಾಯವಾಯಿತು. ಈ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಹೆಚ್ಚಿನವರು ಅಲ್ಲಿಯೇ ಕೋಲ್ಡ್ ಬ್ಲೂ ಬಾಟಲಿಗೆ ಕೈ ಹಾಕುತ್ತಾರೆ.

ನಳಿಗೆಯನ್ನು ಈ ಸುತ್ತುಗಳಿಂದ ಪೂರ್ತಿ ದೂರ ಇಡಲಾಗಲಿಲ್ಲ. ದ್ರಾವಣ ಸವರದಿದ್ದರೂ ತೇವದ ಪೆಟ್ಟಿಗೆಯಲ್ಲಿ ಅದರ ಸವೆದ ಜಾಗಗಳಿಗೆ ತೆಳು ಕಂದು ಹತ್ತಿತು, ಕುದಿಯಲ್ಲಿ ಅದೂ ಕಪ್ಪಾಯಿತು. ಹಾಗಾಗಿ ನಳಿಗೆ ಈಗ ಮೊದಲಿಗಿಂತ ಒಂದು ಛಾಯೆ ಗಾಢ. ಮುಟ್ಟಲಿಲ್ಲವೆಂದು ದಾಖಲೆಯಲ್ಲಿ ಬರೆಯಲು ಹೊರಟಿದ್ದ ವಾಕ್ಯವನ್ನು ತಿದ್ದಬೇಕಾಯಿತು.

ನಿಷ್ಕ್ರಿಯಗೊಳಿಸಲು ಹಾಕಿದ್ದ ಬೆಸುಗೆ ಮಾತ್ರ ಎಷ್ಟು ಸುತ್ತು ಹಾಕಿದರೂ ಬೂದಿಯಾಗಿಯೇ ಉಳಿಯಿತು. ಬೆಸುಗೆಗೆ ತುಂಬಿದ ಲೋಹ ಬೇರೆ, ಸುತ್ತಲಿನ ಉಕ್ಕು ಬೇರೆ, ಅದಕ್ಕೆ ಬಣ್ಣ ಹಾಗೆ ಹಿಡಿಯುವುದಿಲ್ಲ. ಅದನ್ನು ಅರದಿಂದ ಸಮ ಮಾಡಿ ಮರೆಮಾಚಬಹುದಾ ಎಂದು ಮಾಲೀಕರು ಕೇಳಿದಾಗ ಹಿರಿಯರೂ ನಾನೂ ಒಟ್ಟಿಗೇ ಬೇಡ ಅಂದೆವು. ಆ ಬೆಸುಗೆ ಕಾಣುವುದೇ ಒಳ್ಳೆಯದು. ನಾಳೆ ಯಾರೇ ಬಂದು ನೋಡಿದರೂ ಇದು ಗುಂಡು ಹಾರಿಸದ ವಸ್ತು ಎಂದು ತಿಳಿಯಲಿ. ಅರ ಆಡಿಸಿದ ಗುರುತಿದ್ದರೆ ಅನುಮಾನ ಬರುವುದು ಸಹಜ.

ಕೊನೆಯಲ್ಲಿ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಆಮ್ಲದ ಶೇಷ ಕೊಂದು, ಬಿಸಿ ಇರುವಾಗಲೇ ಎಣ್ಣೆ ಸವರಿ ಒಂದು ದಿನ ಬಿಟ್ಟರು. ವಿನೆಗರಿಗೆ ಬಿದ್ದ ಕೊಂಡಿಗೂ ರಿಸೀವರಿನ ಜೊತೆಯಲ್ಲೇ ಬಣ್ಣ ಬಂತು. ಮೂತಿಯ ಟೋಪಿಯಲ್ಲಿ ಮೂಲ ಕಪ್ಪು ಸಾಕಷ್ಟಿತ್ತು, ಒಮ್ಮೆ ಕುದಿಸಿ ಬಿಟ್ಟರು. ಬಟ್ಟಿನ ಹಿತ್ತಾಳೆ ತಗಡಿಗೆ ಪಾಲಿಶ್ ಹಾಕಲಿಲ್ಲ. ಸಂದಿಯಲ್ಲಿ ಹಿಂದೆಂದೋ ಹಾಕಿದ ಪಾಲಿಶಿನ ಹಸಿರುಬಿಳಿ ಗಸಿಯನ್ನು ಮರದ ಕಡ್ಡಿಯಿಂದ ಬಿಡಿಸಿದ್ದಷ್ಟೇ. ಮರಕ್ಕೆ ತೆಳುವಾಗಿ ಅಗಸೆ ಎಣ್ಣೆ.

ಆಮೇಲೆ ಆದದ್ದು

ರೈಫಲು ಚೆನ್ನಾಗಿ ಬಂದಿತ್ತು. ಓರೆ ಬೆಳಕಿನಲ್ಲಿ ನೋಡಿದರೆ ರಿಸೀವರಿನ ಎಡಮಗ್ಗುಲು ಸ್ವಲ್ಪ ಹೆಚ್ಚು ನೀಲಿ, ನಳಿಗೆ ಸ್ವಲ್ಪ ಕಂದು ಬೆರೆತ ಕಪ್ಪು. ಎಮರಿಯ ಗೀರುಗಳು ಹೊಸ ಬಣ್ಣದಡಿಯಲ್ಲೂ ಕಾಣುತ್ತವೆ. ಅವನ್ನು ತೆಗೆಯಲು ಉಕ್ಕನ್ನು ತೆಳುವಾಗಿಸಬೇಕಿತ್ತು, ಪಕ್ಕದಲ್ಲೇ ಠಸ್ಸೆ ಇತ್ತು, ಬಿಟ್ಟರು. ಮಾಲೀಕರಿಗೆ ಇದು ಸಮಾಧಾನ ತಂದಿತೇ ಎಂದರೆ, ಮೊದಲ ವಾರ ಪೂರ್ತಿ ಇಲ್ಲ.

ಕೆಲವು ತಿಂಗಳ ನಂತರ ಅವರು ಗಾಬರಿಯಿಂದ ಕರೆ ಮಾಡಿದರು: ನಳಿಗೆಯ ತಳದಲ್ಲಿ ಕಿತ್ತಳೆ ಚುಕ್ಕೆಗಳು. ಬಣ್ಣ ಕೈಕೊಟ್ಟಿತೆಂದು ಅವರ ಅನುಮಾನ. ಹೋಗಿ ನೋಡಿದರೆ ಚುಕ್ಕೆಗಳು ಎರಡೇ ಕಡೆ ಇದ್ದವು, ಎರಡೂ ಪೆಟ್ಟಿಗೆಯೊಳಗಿನ ಆಧಾರಗಳ ಮೇಲೆ ರೈಫಲು ಕೂತಿದ್ದ ಜಾಗ. ಆಧಾರ ಓಕ್ ಮರದ್ದು, ಮೇಲೆ ಉಣ್ಣೆಯ ಫೆಲ್ಟು. ಓಕ್ ಮರ ಮುಚ್ಚಿದ ಪೆಟ್ಟಿಗೆಯೊಳಗೆ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ಫೆಲ್ಟು ತೇವ ಹಿಡಿದಿಡುತ್ತದೆ. ವಾರಗಟ್ಟಲೆ ಶ್ರಮದ ಕೆಲಸವನ್ನು ಅಂದದ ಒಂದು ಮರದ ತುಂಡು ತಿನ್ನತೊಡಗಿತ್ತು. ಈ ಭಾಗವನ್ನು ನಾವ್ಯಾರೂ ಚರ್ಚಿಸಿರಲೇ ಇಲ್ಲ, ಪೆಟ್ಟಿಗೆ ಮಾಡಿದ ಬಡಗಿಗೂ ಯಾರೂ ಹೇಳಿರಲಿಲ್ಲ.

ಪರಿಹಾರ ದೊಡ್ಡದೇನಲ್ಲ. ಓಕ್ ತೆಗೆದು ಅಕ್ರಿಲಿಕ್ ಆಧಾರ ಹಾಕಿಸಿದರು, ಲೋಹ ತಾಗುವಲ್ಲಿ ಪಾಲಿಎಥಿಲೀನ್ ಫೋಮ್. ಚುಕ್ಕೆಗಳಿಗೆ ಸ್ಟೀಲ್ ವುಲ್ ಮುಟ್ಟಿಸದೆ ಎಣ್ಣೆ ಮತ್ತು ಮರದ ಕಡ್ಡಿಯಿಂದ ತಿಕ್ಕಿದಾಗ ಹೋದವು. ಆಮೇಲೆ ಎಣ್ಣೆ ಪೂರ್ತಿ ಒರೆಸಿ ಮೈಕ್ರೋಕ್ರಿಸ್ಟಲೈನ್ ಮೇಣ ಸವರಿದರು. ಎಣ್ಣೆ ಧೂಳು ಹಿಡಿಯುತ್ತದೆ, ಕೆಳಕ್ಕೆ ಇಳಿದು ಮರಕ್ಕೆ ಸೇರುತ್ತದೆ, ಪ್ರದರ್ಶನಕ್ಕೆ ಮೇಣವೇ ವಾಸಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ತೇವಮಾಪಕ, ಸಾಪೇಕ್ಷ ತೇವ ಶೇಕಡಾ 50 ದಾಟದಂತೆ. ಮುಟ್ಟುವುದಾದರೆ ನೈಟ್ರೈಲ್ ಕೈಗವಸು, ಏಕೆಂದರೆ ಬೆರಳಚ್ಚಿನ ಉಪ್ಪು ಮೇಣವಿಲ್ಲದ ಜಾಗದಲ್ಲಿ ಅಚ್ಚನ್ನೇ ತುಕ್ಕಾಗಿ ಬಿಡಿಸುತ್ತದೆ. ಚರ್ಮದ ಪಟ್ಟಿಯನ್ನು ರೈಫಲಿಗೆ ಕಟ್ಟದೆ ಪಕ್ಕದಲ್ಲಿ ಮಡಿಸಿಟ್ಟಿದ್ದಾರೆ. ಅದರ ಹಿತ್ತಾಳೆ ಬಿಲ್ಲೆಗಳ ಸುತ್ತ ಆಗಲೇ ಹಸಿರು ಕಿಲುಬು ಕಟ್ಟಿತ್ತು.

ಇಂಥದೇ ಕೆಲಸಕ್ಕೆ ಕೈಹಾಕುವವರು ನನ್ನನ್ನು ಕೇಳಿದಾಗ ಮೊದಲು ಹೇಳುವುದು, ಪೆಟ್ಟಿಗೆಯನ್ನು ಮೊದಲು ತೀರ್ಮಾನಿಸಿ, ಬಣ್ಣವನ್ನು ಆಮೇಲೆ. ಎಲ್ಲಿ ಇಡುತ್ತೀರಿ, ಯಾವ ಮಗ್ಗುಲು ಕಾಣುತ್ತದೆ, ಯಾವ ಬೆಳಕು ಎಂಬುದು ಮೊದಲೇ ಗೊತ್ತಿದ್ದರೆ ರಿಸೀವರಿನ ಜಗಳವೇ ಹುಟ್ಟುತ್ತಿರಲಿಲ್ಲವೇನೋ. ರೈಫಲನ್ನು ಬಲಮಗ್ಗುಲು ಹೊರಗೆ ಮಾಡಿ ಇಟ್ಟಿದ್ದರೆ ಠಸ್ಸೆಗಳೂ ಕಾಣುತ್ತಿದ್ದವು, ಎಡಮಗ್ಗುಲಿಗೆ ದ್ರಾವಣವೂ ಬೇಕಿರಲಿಲ್ಲ. ಇದು ಹೊಳೆದದ್ದು ಹಿರಿಯರಿಗೆ, ಕೆಲಸ ಮುಗಿದ ಮೇಲೆ. ಮಾಲೀಕರು ಈಗ ಅದನ್ನು ಬಲಮಗ್ಗುಲು ಹೊರಗೆ ಮಾಡಿಯೇ ಇಟ್ಟಿದ್ದಾರೆ.

ಯಾವ ಭಾಗದ ಬಣ್ಣ ಮೂಲದ್ದು, ಯಾವುದು ಕುದಿಸಿ ತಿರುಗಿಸಿದ್ದು, ಯಾವುದು ಪೂರ್ತಿ ಹೊಸದು ಎಂದು ಚಿತ್ರ ಸಮೇತ ಎರಡು ಪುಟದ ಟಿಪ್ಪಣಿ ಮಾಡಿದ್ದೇವೆ. ನಳಿಗೆ ಗಾಢವಾದದ್ದೂ, ಕೊಂಡಿಯ ವಿನೆಗರ್ ಸ್ನಾನವೂ ಅದರಲ್ಲಿವೆ. ಒಂದು ಪ್ರತಿ ನಿಷ್ಕ್ರಿಯತೆಯ ಪ್ರಮಾಣಪತ್ರದ ಜೊತೆ, ಇನ್ನೊಂದು ಹಿರಿಯರ ಕಡತದಲ್ಲಿದೆ.